ಹಸಿ ತಿನ್ನುವ ಸೊಪ್ಪು ಅಂಗಳದಲ್ಲೇ ಬೆಳೆಯಲಿ

ನಿಮ್ಮ ಮನೆಯ ಮುಂಬಾಗಿಲಿನಿಂದ ಗೇಟಿನವರೆಗೆ ಎಷ್ಟು ಹೆಜ್ಜೆ? ಓದುವುದನ್ನು ಸ್ವಲ್ಪ ನಿಲ್ಲಿಸಿ ಒಮ್ಮೆ ಅಳೆದು ಬನ್ನಿ. ಗೋಕಾಕ, ಮೂಡಲಗಿ, ಹುಕ್ಕೇರಿಯ ಹೊಸ ಬಡಾವಣೆಗಳಲ್ಲಿ ಸಣ್ಣ ಸೈಟಿನಲ್ಲಿ ಮನೆ ಕಟ್ಟಿದವರಿಗೂ ಮುಂದೆ ಎಂಟು ಹತ್ತು ಅಡಿ ಜಾಗ ಉಳಿದಿರುತ್ತದೆ. ಅಲ್ಲಿ ಈಗ ಏನಿದೆ? ಒಂದೋ ಸಿಮೆಂಟ್ ಬ್ಲಾಕ್, ಇಲ್ಲವೇ ನರ್ಸರಿಯಿಂದ ಚೌಕ ಚೌಕವಾಗಿ ತಂದು ಹಾಸಿದ ಹುಲ್ಲು. ಆ ಹುಲ್ಲನ್ನು ನಾವು ತಿನ್ನುವುದಿಲ್ಲ, ಸಾಕಿದ ಆಡಿಗೂ ಹಾಕುವುದಿಲ್ಲ. ಆದರೆ ಬೇಸಿಗೆಯಲ್ಲಿ ದಿನಾ ನೀರು ಕುಡಿಸುತ್ತೇವೆ.

ಇನ್ನು ನಿಮ್ಮ ಅಡುಗೆಮನೆಗೆ ಬನ್ನಿ. ಬೇಯಿಸದೆ ತಿನ್ನುವ ಸೊಪ್ಪು ನಮ್ಮ ಮನೆಗಳಲ್ಲಿ ಎಷ್ಟಿದೆ ಎಂದು ಎಣಿಸಿದ್ದೀರಾ? ಬಿರಿಯಾನಿಯ ಮೇಲೆ ಉದುರಿಸುವ ಪುದೀನ, ಕೊತ್ತಂಬರಿ. ಕಬಾಬಿನ ಜೊತೆಯ ಹಸಿರು ಚಟ್ನಿ. ಕಚುಂಬರಿಯ ಸೌತೆಕಾಯಿ. ನಮ್ಮ ಬೆಳಗಾವಿ ಕಡೆಯವರಾದರೆ ಜೋಳದ ರೊಟ್ಟಿಯ ಪಕ್ಕಕ್ಕೆ ಹಸಿ ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು, ಹಕ್ಕರಿಕಿ. ಇವೆಲ್ಲ ಒಳ್ಳೆಯ ಆಹಾರವೇ. ಆದರೆ ಇವು ಯಾವ ಮಣ್ಣಿನಲ್ಲಿ ಬೆಳೆದವು, ಯಾವ ನೀರು ಕುಡಿದವು ಎಂದು ನಮಗೆ ಗೊತ್ತಿರುವುದಿಲ್ಲ. ಇದು ಎಷ್ಟು ದೊಡ್ಡ ವಿಷಯವೆಂದು ನನಗೆ ಅರ್ಥವಾದದ್ದು ನನ್ನದೇ ಒಂದು ತಪ್ಪಿನಿಂದ.

2016ರಲ್ಲಿ ಗೋಕಾಕದ ತಾಯಿಯೊಬ್ಬರು ಹತ್ತೊಂಬತ್ತು ವರ್ಷದ ಮಗಳನ್ನು ಕುಲಗೋಡದ ನನ್ನ ದವಾಖಾನೆಗೆ ಕರೆತಂದರು. ಹುಡುಗಿ ಕಾಲೇಜಿನಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಳು. ಮುಖ ಬಿಳಿಚಿಕೊಂಡಿತ್ತು, ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಇತ್ತು. ನಿಶ್ಶಕ್ತಿ ಎಂದು ನಾನು ತೀರ್ಮಾನಿಸಿಬಿಟ್ಟೆ. ಕಬ್ಬಿಣಾಂಶದ ಮಾತ್ರೆ, ಜೊತೆಗೊಂದು ಖಮೀರಾ ಕೊಟ್ಟು ಮೂರು ವಾರ ಬಿಟ್ಟು ಬನ್ನಿ ಎಂದು ಕಳಿಸಿದೆ. ಬಿದ್ದಾಗ ಕೈಕಾಲು ಸೆಟೆದಿದ್ದವೇ, ನಾಲಿಗೆ ಕಚ್ಚಿಕೊಂಡಿದ್ದಳೇ ಎಂದು ಜೊತೆಗಿದ್ದ ಗೆಳತಿಯರನ್ನು ವಿಚಾರಿಸಬೇಕಿತ್ತು. ವಿಚಾರಿಸಲಿಲ್ಲ.

ಎರಡನೇ ಸಲ ಮನೆಯಲ್ಲೇ ಫಿಟ್ಸ್ ಬಂತು, ಎಲ್ಲರ ಕಣ್ಣೆದುರು. ಸಂಬಂಧಿಕರಲ್ಲಿ ಕೆಲವರು ಜಿನ್ನ್ ಹಿಡಿದಿದೆ ಎಂದರು. ಮಾತುಕತೆಯಲ್ಲಿದ್ದ ನಿಕಾಹ್ ಮುಂದಕ್ಕೆ ಹೋಯಿತು. ಅವರು ಮತ್ತೆ ನನ್ನ ಹತ್ತಿರ ಬಂದಾಗ ಅದೇ ದಿನ ಬೆಳಗಾವಿಗೆ ಕಳಿಸಿದೆ. ಸ್ಕ್ಯಾನ್‌ನಲ್ಲಿ ಮಿದುಳಿನೊಳಗೆ ಸಣ್ಣ ಗಂಟೊಂದು ಕಂಡಿತು. ಅದು ಹಂದಿ ಲಾಡಿಹುಳುವಿನ ಮರಿ ಕುಳಿತ ಗಂಟು. ವೈದ್ಯರು ಇದನ್ನು ನ್ಯೂರೋಸಿಸ್ಟಿಸರ್ಕೋಸಿಸ್ ಎನ್ನುತ್ತಾರೆ.

ಹುಳುವಿನ ಹೆಸರು ಕೇಳಿದ ತಾಯಿ ಕಾಯಿಲೆಗಿಂತ ಹೆಚ್ಚು ಹೆಸರಿಗೇ ಕುಸಿದರು. “ನಮ್ಮ ಮನ್ಯಾಗ ಅದರ ಹೆಸರ ಸೈತ ತಗೊಳ್ಳಂಗಿಲ್ಲ ಆಪಾ. ಇದ ಹೆಂಗ ಬಂತು? ಮಂದಿ ಏನಂದಾರು?”

ಈ ಪ್ರಶ್ನೆಗೆ ಉತ್ತರ ಪ್ರತಿ ಮುಸ್ಲಿಮ್ ಮನೆಗೂ ಗೊತ್ತಿರಬೇಕು. ಹಂದಿ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವರ ಕರುಳಿನಲ್ಲಿ ಈ ಲಾಡಿಹುಳು ಬೆಳೆಯುತ್ತದೆ. ಆ ಮನುಷ್ಯನ ಮಲದಲ್ಲಿ ಹುಳುವಿನ ಮೊಟ್ಟೆಗಳು ಹೊರಬೀಳುತ್ತವೆ. ಬಯಲಲ್ಲಿ ಬಿದ್ದ ಮಲದಿಂದ, ಚರಂಡಿಯಿಂದ ಆ ಮೊಟ್ಟೆಗಳು ಮಣ್ಣಿಗೆ, ನೀರಿಗೆ, ಸೊಪ್ಪಿನ ಎಲೆಗೆ ಸೇರುತ್ತವೆ. ಆ ಎಲೆಯನ್ನು ಹಸಿಯಾಗಿ ತಿಂದವರ ಹೊಟ್ಟೆಯಲ್ಲಿ ಮೊಟ್ಟೆ ಒಡೆದು, ಮರಿ ರಕ್ತದ ಮೂಲಕ ಮಿದುಳಿಗೂ ಹೋಗಬಹುದು. ಮಾಂಸದಿಂದ ದೂರವಿದ್ದರೆ ಕರುಳಿನ ಹುಳುವಿನಿಂದ ರಕ್ಷಣೆ ಸಿಗುತ್ತದೆ, ಮೊಟ್ಟೆಯಿಂದ ಸಿಗುವುದಿಲ್ಲ. ಹುಟ್ಟಿನಿಂದ ಸಸ್ಯಾಹಾರಿಗಳಾದವರಿಗೂ ಇದು ಬರುತ್ತದೆ. ನ್ಯೂಯಾರ್ಕ್ ನಗರದಲ್ಲಿ ಹಂದಿಯನ್ನು ಮುಟ್ಟದ ಸಂಪ್ರದಾಯಸ್ಥ ಯಹೂದಿ ಕುಟುಂಬಗಳಲ್ಲೇ ಈ ಕಾಯಿಲೆ ಕಂಡದ್ದನ್ನು ಅಮೆರಿಕದ ವೈದ್ಯರು 1992ರಲ್ಲಿ ಪ್ರಕಟಿಸಿದ್ದಾರೆ. ಅಲ್ಲಿ ಸಂಶಯ ಹೋದದ್ದು ಮನೆಗೆಲಸಕ್ಕೆ ಬಂದು ಅಡುಗೆ ಮುಟ್ಟುತ್ತಿದ್ದವರ ಕೈಗಳ ಮೇಲೆ. ನಮ್ಮ ದೇಶದಲ್ಲಿ ಫಿಟ್ಸ್ ಬರಲು ಇರುವ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಆದ್ದರಿಂದ ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಜಿನ್ನ್ ಅಂತೂ ಇಲ್ಲವೇ ಇಲ್ಲ. ಫಿಟ್ಸ್ ಬಂದವರನ್ನು ನರರೋಗ ತಜ್ಞರಿಗೆ ತೋರಿಸಿ. ಯುನಾನಿ ವೈದ್ಯೆಯಾಗಿ ಇದನ್ನು ಬರೆಯಲು ನನಗೆ ಸಂಕೋಚವಿಲ್ಲ.

ಹುಡುಗಿ ಚಿಕಿತ್ಸೆ ಪಡೆದು ಗುಣಮುಖಳಾದಳು. ಆ ಮೊಟ್ಟೆ ಯಾವ ಸೊಪ್ಪಿನಿಂದ, ಯಾರ ಕೈಯಿಂದ ಬಂತೆಂದು ಹೇಳಲು ಯಾವ ಪರೀಕ್ಷೆಯೂ ಇಲ್ಲ. ಆದರೆ ಆ ತಾಯಿ ಸಂತೆಯ ಕೊತ್ತಂಬರಿಯನ್ನು ಹಸಿಯಾಗಿ ಬಳಸುವುದನ್ನು ಅಂದೇ ಬಿಟ್ಟರು. ಮುಂದಿನ ವರ್ಷ ಮನೆಯ ಮುಂದಿನ ಹುಲ್ಲನ್ನು ಕಿತ್ತರು.

ಹುಲ್ಲಿನ ಮರ್ಯಾದೆ

ಹುಲ್ಲು ಕೀಳುವುದು ಸುಲಭವಿರಲಿಲ್ಲ. ಪುಣೆಯಲ್ಲಿ ಕೆಲಸದಲ್ಲಿದ್ದ ಮಗ ಆಸೆಪಟ್ಟು ಹಾಸಿಸಿದ್ದ ಲಾನ್ ಅದು. ಮುಂದೆ ಬದನೆ, ಮೆಣಸಿನಕಾಯಿ ಹಚ್ಚಿದರೆ ಹೊಲದ ಗುಡಿಸಲಿನಂತೆ ಕಾಣುತ್ತದೆ, ಬೀಗರು ಬಂದರೆ ಏನಂದುಕೊಂಡಾರು ಎಂದು ಮೈದುನ ಗೊಣಗಿದರಂತೆ. ಈ ಮಾತನ್ನು ನೀವೂ ಕೇಳಿರುತ್ತೀರಿ. ಕಾಯಿಪಲ್ಲೆ ಹಿತ್ತಲಿಗೆ, ಚಂದ ಮುಂದಕ್ಕೆ ಎಂಬ ಲೆಕ್ಕ ನಮ್ಮ ತಲೆಯಲ್ಲಿ ಕೂತಿದೆ. ಹಿತ್ತಲು ಇದ್ದ ಕಾಲಕ್ಕೆ ಅದು ಸರಿ. ಈಗ ಹಿತ್ತಲನ್ನೂ ಕೋಣೆ ಮಾಡಿದ್ದೇವೆ, ಉಳಿದದ್ದು ಅಂಗಳ ಮಾತ್ರ.

ಲಾನ್ ಎಂಬುದು ಇಂಗ್ಲೆಂಡಿನ ಶ್ರೀಮಂತರ ಬಂಗಲೆಗಳಿಂದ ನಮ್ಮ ಕ್ಯಾಂಪುಗಳಿಗೆ, ಅಲ್ಲಿಂದ ಸಾಹೇಬರ ಕ್ವಾರ್ಟರ್ಸ್‌ಗೆ, ಅಲ್ಲಿಂದ ನಮ್ಮ ಸೈಟಿಗೆ ಬಂದ ಚಂದ. ಆ ದೇಶದಲ್ಲಿ ವರ್ಷವಿಡೀ ತುಂತುರು ಮಳೆ. ನಮ್ಮ ಕಡೆ ಮಾರ್ಚ್‌ನಿಂದ ಮೇವರೆಗೆ ಒಂದು ಚದರ ಮೀಟರ್ ಹುಲ್ಲು ಹಸಿರಾಗಿರಲು ದಿನಕ್ಕೆ ಐದು ಲೀಟರ್ ಆದರೂ ನೀರು ಬೇಕು. ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಅಂಗಳವೆಂದರೆ ದಿನಕ್ಕೆ ತೊಂಬತ್ತು ಲೀಟರಿಗೂ ಹೆಚ್ಚು. ಕಾಯಿಪಲ್ಲೆಗೂ ನೀರು ಬೇಕು, ಅದೇನು ಒಣಗಾಳಿ ಕುಡಿದು ಬೆಳೆಯುವುದಿಲ್ಲ. ಆದರೆ ಅದು ಕುಡಿದದ್ದನ್ನು ತಟ್ಟೆಗೆ ವಾಪಸ್ ಕೊಡುತ್ತದೆ.

ಮುಂದಿನ ಅಂಗಳದಲ್ಲಿ ದುಡಿಯುವಾಗ ಬೀದಿಯವರ ಕಣ್ಣು ಬೀಳುತ್ತದೆಂದು ಹಿಂಜರಿಯುವ ಸಹೋದರಿಯರಿಗೆ ಒಂದು ಉಪಾಯ ಹೇಳುತ್ತೇನೆ. ಕಾಂಪೌಂಡಿನ ಒಳಬದಿಗೆ ನಾಲ್ಕು ಕಂಬ ನೆಟ್ಟು ತಂತಿ ಎಳೆದು ಸೋರೆ, ಹಿರೇಕಾಯಿ, ಅವರೆ ಬಳ್ಳಿ ಹಬ್ಬಿಸಿ. ಎರಡು ತಿಂಗಳಲ್ಲಿ ದಟ್ಟ ಹಸಿರು ಪರ್ದೆ ಏಳುತ್ತದೆ. ಅಂಗಡಿಯ ಹಸಿರು ಬಲೆ ಕಟ್ಟುವುದಕ್ಕಿಂತ ತಂಪು, ಮೇಲಾಗಿ ದಾಲ್ಚಾಕ್ಕೆ ಸೋರೆಕಾಯಿ. ರಸ್ತೆಯ ಧೂಳನ್ನೂ ಆ ಬಳ್ಳಿಯೇ ತಡೆಯುತ್ತದೆ, ಒಳಗಿನ ಸೊಪ್ಪು ಸ್ವಚ್ಛವಾಗಿರುತ್ತದೆ.

ಏನು ಬೆಳೆಯಬೇಕು, ಏನು ಬೇಡ

ರಾಷ್ಟ್ರೀಯ ಪೋಷಣೆ ಸಂಸ್ಥೆ ಒಬ್ಬರಿಗೆ ದಿನಕ್ಕೆ ಸೊಪ್ಪು, ತರಕಾರಿ ಎಲ್ಲ ಸೇರಿ 400 ಗ್ರಾಂ ತಿನ್ನಲು ಹೇಳುತ್ತದೆ. ಐದು ಜನರ ಮನೆಗೆ ಅದು ದಿನಕ್ಕೆ ಎರಡು ಕಿಲೋ ಆಯಿತು. ಹತ್ತು ಅಡಿ ಅಂಗಳದಿಂದ ಅಷ್ಟು ಬರುವುದಿಲ್ಲ. ಬರುತ್ತದೆ ಎನ್ನುವ ವಿಡಿಯೋಗಳನ್ನು ನಂಬಬೇಡಿ. ಒಂದು ಚದರ ಮೀಟರ್ ಮಡಿಯಲ್ಲಿ ರಾಜಗಿರಿ ಸೊಪ್ಪು ಒಂದು ಕೊಯ್ಲಿಗೆ ಕಿಲೋದಿಂದ ಒಂದೂವರೆ ಕಿಲೋ ಬಂದರೆ ಚೆನ್ನಾಗಿ ಬಂತೆಂದು ತಿಳಿಯಿರಿ.

ಹಾಗಾಗಿ ನಾನು ಎಲ್ಲರಿಗೂ ಹೇಳುವ ಲೆಕ್ಕ ಇಷ್ಟೇ: ಹಸಿ ತಿನ್ನುವುದನ್ನು ಅಂಗಳದಲ್ಲಿ ಬೆಳೆಯಿರಿ, ಬೇಯಿಸಿ ತಿನ್ನುವುದನ್ನು ಸಂತೆಯಿಂದ ತನ್ನಿ. ಚೆನ್ನಾಗಿ ಬೇಯಿಸಿದರೆ ಹುಳುವಿನ ಮೊಟ್ಟೆ ಸಾಯುತ್ತದೆ. ಉಪ್ಪುನೀರು, ವಿನೆಗರ್ ಎಂದು ನೆನೆಹಾಕಿದರೆ ಸಾಯುತ್ತದೆಂಬ ಭರವಸೆ ಇಲ್ಲ. ಹರಿಯುವ ಸ್ವಚ್ಛ ನೀರಿನಲ್ಲಿ ಎಲೆಯನ್ನು ಬಿಡಿಬಿಡಿಯಾಗಿ ತಿಕ್ಕಿ ತೊಳೆಯುವುದೇ ಹೆಚ್ಚು ಪ್ರಯೋಜನಕ್ಕೆ ಬರುತ್ತದೆ.

ಪುದೀನ, ಕೊತ್ತಂಬರಿ, ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು, ಎರಡು ಸೌತೆ ಬಳ್ಳಿ, ನಾಲ್ಕು ಟೊಮೆಟೊ ಗಿಡ. ಇಷ್ಟು ಮೊದಲು. ಪುದೀನಕ್ಕೆ ಬೀಜ ಬೇಡ, ಪೇಟೆಯಿಂದ ತಂದ ಕಟ್ಟಿನ ದಪ್ಪ ಕಡ್ಡಿಗಳನ್ನೇ ಊರಿದರೆ ಚಿಗುರುತ್ತದೆ. ಮೆಂತ್ಯ ನಾಲ್ಕು ವಾರಕ್ಕೆ ಕೈಗೆ ಬರುತ್ತದೆ, ಕೊತ್ತಂಬರಿಗೆ ಇನ್ನೊಂದು ವಾರ ಹೆಚ್ಚು. ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ಎರಡಕ್ಕೂ ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಹದಿನೈದು ದಿನಕ್ಕೊಮ್ಮೆ ಒಂದೊಂದು ಮೊಳ ಬಿತ್ತುತ್ತಾ ಹೋದರೆ ರಮಝಾನಿನ ಇಫ್ತಾರಿಗೂ ಇರುತ್ತದೆ. ಬಿಸಿಲು ಏರಿದಾಗ ಕೊತ್ತಂಬರಿ ಬೇಗ ಹೂ ಬಿಟ್ಟುಬಿಡುತ್ತದೆ. ಆಗ ಆ ಮಡಿಗೆ ರಾಜಗಿರಿ, ಚವಳಿಕಾಯಿ, ಬೆಂಡೆ ಹಾಕಿ.

ಜಾಗ ಉಳಿದರೆ ಮೂಲೆಗೊಂದು ನುಗ್ಗೆ, ಒಂದು ಕರಿಬೇವು. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ‘ಭಾಗ್ಯ’ ಎಂಬ ನುಗ್ಗೆ ತಳಿ ಕೊಟ್ಟಿದೆ. ಆ ವಿಶ್ವವಿದ್ಯಾಲಯಕ್ಕೆ ಸೇರಿದ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜು ನಮ್ಮ ಅರಭಾವಿಯಲ್ಲೇ ಇದೆ. ತಳಿ, ರೋಗ, ಮಣ್ಣಿನ ಬಗ್ಗೆ ಕೇಳಬೇಕಾದರೆ ನೆರೆಹೊರೆಯವರಿಗಿಂತ ಮೊದಲು ಅಲ್ಲಿ ಕೇಳಿ. ಅಂಗಳವೇ ಇಲ್ಲದವರು ತಾರಸಿ ನೋಡಿ. ಬೆಂಗಳೂರಿನಲ್ಲಿ ಡಾ. ಬಿ.ಎನ್. ವಿಶ್ವನಾಥ್ ಅವರು ತಾರಸಿ ಕೈತೋಟವನ್ನು ವರ್ಷಗಟ್ಟಲೆ ಜನರಿಗೆ ಕಲಿಸಿದರು. ಕುಂಡದಲ್ಲಿ ಪುದೀನ ಬೆಳೆಯಲು ಒಂದು ಕಿಟಕಿಯಷ್ಟು ಬಿಸಿಲು ಸಾಕು.

ಸೊಪ್ಪು ತಿಂದರೆ ರಕ್ತಹೀನತೆ ಹೋಗುತ್ತದೆಯೇ ಎಂದು ದವಾಖಾನೆಯಲ್ಲಿ ದಿನವೂ ಕೇಳುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇತ್ತು. ರಾಜಗಿರಿ, ನುಗ್ಗೆ ಸೊಪ್ಪಿನಲ್ಲಿ ಕಬ್ಬಿಣಾಂಶ ಇದೆ, ಆದರೆ ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಸ್ವಲ್ಪವೇ ಹೀರಿಕೊಳ್ಳುತ್ತದೆ. ಮೇಲೆ ನಿಂಬೆ ಹಿಂಡಿದರೆ ಹೆಚ್ಚು ಹೀರುತ್ತದೆ, ಊಟದ ಬೆನ್ನಿಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಬಸುರಿಯರು ಸೊಪ್ಪಿನ ನೆಪದಲ್ಲಿ ಮಾತ್ರೆ ಬಿಡಬೇಡಿ. ಮೂತ್ರಪಿಂಡದ ಕಲ್ಲು ಇದ್ದವರು ಪಾಲಕ್, ರಾಜಗಿರಿ ಕಡಿಮೆ ಮಾಡಿ.

ಯುನಾನಿಯಲ್ಲಿ ಪ್ರತಿ ಪದಾರ್ಥಕ್ಕೂ ಒಂದು ಮಿಜಾಜ್ ಇದೆ. ಸೋರೆಕಾಯಿ, ಪಾಲಕ್, ಗೋಳಿ ಪಲ್ಲೆ ತಂಪು ಮತ್ತು ತೇವ. ಮೆಂತ್ಯ, ಪುದೀನ ಬಿಸಿ ಮತ್ತು ಶುಷ್ಕ. ಬೇಸಿಗೆಯಲ್ಲಿ ಉರಿ, ಬಾಯಾರಿಕೆ ಎನ್ನುವವರಿಗೆ ಮೊದಲಿನವು, ಮಳೆಗಾಲದಲ್ಲಿ ಹೊಟ್ಟೆ ಭಾರ, ಗ್ಯಾಸ್ ಎನ್ನುವವರಿಗೆ ನಂತರದವು. ಈ ಗೋಳಿ ಪಲ್ಲೆಯನ್ನು, ಅಂದರೆ ಹಕೀಮರು ಖುರ್ಫಾ ಎಂದು ಹೊಗಳುವ ಗಿಡವನ್ನು, ನಾವು ಮಡಿಯಿಂದ ಕಳೆಯೆಂದು ಕಿತ್ತು ಎಸೆಯುತ್ತೇವೆ! ಸೋರೆಕಾಯಿ ಪ್ರವಾದಿ(ಸ)ಯವರಿಗೆ ಪ್ರಿಯವಾಗಿತ್ತು. ದರ್ಜಿಯೊಬ್ಬರ ಮನೆಯ ಊಟದಲ್ಲಿ ಅವರು ತಟ್ಟೆಯಿಂದ ಅದನ್ನೇ ಆರಿಸಿಕೊಳ್ಳುತ್ತಿದ್ದುದನ್ನು ಹಝ್ರತ್ ಅನಸ್(ರ) ಹೇಳಿದ್ದಾರೆ. ಒಂದು ಎಚ್ಚರಿಕೆ ಮಾತ್ರ ಇರಲಿ: ಹೆಚ್ಚುವ ಮೊದಲು ಚೂರು ನಾಲಿಗೆಗೆ ಹಚ್ಚಿ ನೋಡಿ. ಕಹಿಯಿದ್ದರೆ ಇಡೀ ಕಾಯಿ ಎಸೆಯಿರಿ. ಕಹಿ ಸೋರೆಯ ರಸ ಕುಡಿದು ಪ್ರಾಣ ಕಳೆದುಕೊಂಡವರಿದ್ದಾರೆ.

ವುಝೂವಿನ ನೀರು ಎಲ್ಲಿಗೆ?

ಪ್ರವಾದಿ(ಸ)ಯವರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು. ಅದು ನಮ್ಮ ಅಳತೆಯಲ್ಲಿ ಸುಮಾರು ಮುಕ್ಕಾಲು ಲೀಟರ್. ನಾವು ನಲ್ಲಿ ಬಿಟ್ಟು ನಿಂತರೆ ಹತ್ತು ಲೀಟರೂ ಹೋದೀತು. ನಲ್ಲಿ ನಿಲ್ಲಿಸಿ ಲೋಟಾದಿಂದ ಮಾಡಿದರೆ ಒಬ್ಬರಿಗೆ ಒಂದೂವರೆ ಲೀಟರ್ ಹಿಡಿಯೋಣ. ಐದು ಜನ, ಐದು ಹೊತ್ತು: ದಿನಕ್ಕೆ ಮೂವತ್ತೇಳು ಲೀಟರ್. ಬೇಸಿಗೆಯಲ್ಲಿ ಏಳು ಚದರ ಮೀಟರ್ ಜಾಗಕ್ಕೆ ಇಷ್ಟು ಸಾಕು.

ಆದರೆ ಸ್ವಚ್ಛತೆಯ ಲೆಕ್ಕ ಬೇರೆ. ವುಝೂವಿನಲ್ಲಿ ಬಾಯಿ, ಮೂಗು, ಪಾದ ತೊಳೆದ ನೀರೂ ಇರುತ್ತದೆ. ಆದ್ದರಿಂದ ಅದನ್ನು ಹಸಿ ತಿನ್ನುವ ಸೊಪ್ಪಿನ ಮಡಿಗೆ ಹಾಕಬೇಡಿ. ಚಪ್ಪರದ ಬಳ್ಳಿ, ನುಗ್ಗೆ, ಕರಿಬೇವಿನ ಬುಡಕ್ಕೆ ಮಣ್ಣಿಗಷ್ಟೇ ಹಾಕಿ. ಸೊಪ್ಪಿನ ಮಡಿಗೆ ಬೋರಿನ ಅಥವಾ ನಲ್ಲಿಯ ಹೊಸ ನೀರು. ಪಾತ್ರೆ ತೊಳೆದ ಸೋಪಿನ ನೀರು ಬಾಳೆಗೆ. ಶೌಚಾಲಯದ, ಚರಂಡಿಯ ನೀರು ಯಾವುದಕ್ಕೂ ಬೇಡ. ವುಝೂ ನೀರನ್ನು ಬಕೆಟ್‌ನಲ್ಲಿ ಹಿಡಿದರೆ ಅದೇ ದಿನ ಖಾಲಿ ಮಾಡಿ. ಡೆಂಗೀ ಸೊಳ್ಳೆಗೆ ನಿಂತ ನೀರು ಒಂದು ವಾರ ಸಿಕ್ಕರೆ ಸಾಕು. ಕುಂಡದ ಕೆಳಗಿನ ತಟ್ಟೆಗೂ ಇದೇ ಮಾತು.

ಗೊಬ್ಬರದ ವಿಷಯದಲ್ಲಿ ಅವಸರ ಮಾಡುವವರೇ ಹೆಚ್ಚು. ಹಸಿ ಸಗಣಿ, ಹಸಿ ಕೋಳಿ ಗೊಬ್ಬರ ಸೊಪ್ಪಿನ ಮಡಿಗೆ ಬೀಳಲೇಬಾರದು. ಮೂರು ನಾಲ್ಕು ತಿಂಗಳು ಕೊಳೆತು, ಪುಡಿಪುಡಿಯಾಗಿ, ವಾಸನೆ ಹೋದ ಗೊಬ್ಬರ ಹಾಕಿ. ಕುರ್ಬಾನಿಯ ದಿನ ಪ್ರಾಣಿಯ ಜಠರದಿಂದ ತೆಗೆದ ಸಗಣಿಯನ್ನು ಗಟಾರಿಗೆ ಸುರಿದು ಓಣಿಯನ್ನು ನಾರಿಸುವುದನ್ನು ನಾವೇ ನಿಲ್ಲಿಸಬೇಕು. ಅದನ್ನು ಅಂಗಳದ ಮೂಲೆಯಲ್ಲಿ ಮೂರು ಅಡಿ ಆಳದ ಗುಂಡಿಯಲ್ಲಿ ಹೂತು, ಮೇಲೆ ಕಲ್ಲು ಹೇರಿದರೆ ನಾಯಿ ಕೆದರುವುದಿಲ್ಲ. ಮುಂದೆ ಅದರ ಪಕ್ಕಕ್ಕೆ ಮರ ನೆಡಬಹುದು, ಸೊಪ್ಪು ಬೇಡ.

ಮನೆ ಕಟ್ಟಿದ ಹೊಸತಿನಲ್ಲಿ ಅಂಗಳದ ಮಣ್ಣೆಂದರೆ ಸಿಮೆಂಟ್, ಸುಣ್ಣ, ಬಣ್ಣದ ಚೂರು. ಒಂದು ಅಡಿ ಅಗೆದು ಅದನ್ನೆಲ್ಲ ತೆಗೆದು ಎರಡು ಪಾಲು ಹೊಲದ ಮಣ್ಣಿಗೆ ಒಂದು ಪಾಲು ಗೊಬ್ಬರ ತುಂಬಿ. ನಮ್ಮ ಎರೆ ಮಣ್ಣಿನಲ್ಲಿ ನೀರು ನಿಲ್ಲುತ್ತದೆ, ಇಟ್ಟಿಗೆ ಕಟ್ಟಿ ಮಡಿ ಎತ್ತರಿಸಿ. ಕಟ್ಟೆಯನ್ನು ಕೂರುವಷ್ಟು ಎತ್ತರ ಮಾಡಿದರೆ ಮಂಡಿ ನೋವಿನ ದಾದಿಮಾ ಕೂಡ ಕೂತಲ್ಲೇ ಕಳೆ ಕೀಳಬಹುದು. ಮಡಿ ನಾಲ್ಕು ಅಡಿಗಿಂತ ಅಗಲ ಬೇಡ, ಕೈ ಎಟುಕುವುದಿಲ್ಲ. ಸುತ್ತ ಬೇಲಿ ಗಟ್ಟಿಯಿರಲಿ: ಬೀದಿಯ ಹಂದಿ, ನಾಯಿ, ಬೆಕ್ಕು ಒಳಬಂದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಹುಳ ಬಿದ್ದರೆ ಐವತ್ತು ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ ಮಾರನೆಯ ಸಂಜೆ ಸಿಂಪಡಿಸಿ.

ಕೊನೆಗೆ ಕೈಗಳು. ಶೌಚದ ನಂತರ ನೀರಿನ ಶುದ್ಧಿ ನಮಗೆ ರೂಢಿಯಾಗಿದೆ, ಅದು ಒಳ್ಳೆಯದು. ಆದರೆ ಆಮೇಲೆ ಸೋಪು ಹಚ್ಚುವುದನ್ನು ಎಷ್ಟು ಮನೆಗಳಲ್ಲಿ ನೋಡುತ್ತೀರಿ? ಸೊಪ್ಪು ಕೊಯ್ಯುವ, ಹೆಚ್ಚುವ ಪ್ರತಿ ಕೈಯೂ ಸೋಪಿನಿಂದ ತೊಳೆದದ್ದಾಗಿರಬೇಕು. ಉಗುರು ಕತ್ತರಿಸಿರಬೇಕು. ಅಂಗಳದ ಸೊಪ್ಪನ್ನೂ ತೊಳೆದೇ ತಿನ್ನಬೇಕು.

ಆ ಗೋಕಾಕದ ಅಂಗಳಕ್ಕೆ 2019ರ ಆಗಸ್ಟ್‌ನಲ್ಲಿ ಘಟಪ್ರಭೆಯೂ ನುಗ್ಗಿತು. ಮೂರು ದಿನ ನಿಂತ ಕೆಸರು ನೀರಿನಲ್ಲಿ ಊರಿನ ಗಟಾರವೆಲ್ಲ ಬೆರೆತಿತ್ತು. ನೀರು ಇಳಿದ ಮೇಲೆ ಬದುಕಿದ್ದ ನಾಲ್ಕು ಬದನೆ ಗಿಡಗಳನ್ನು ಉಳಿಸಿಕೊಳ್ಳಲೇ ಎಂದು ಆ ತಾಯಿ ಫೋನ್ ಮಾಡಿದರು. ಎಲ್ಲ ಕಿತ್ತು ಹಾಕಿ, ನಾಲ್ಕು ತಿಂಗಳು ಹಸಿ ತಿನ್ನುವುದೇನೂ ಬಿತ್ತಬೇಡಿ ಎಂದೆ. ಪ್ರವಾಹ ಬಂದ ಎಲ್ಲರ ಅಂಗಳಕ್ಕೂ ಇದೇ ಸಲಹೆ. ಮನಸ್ಸಿಲ್ಲದೆ ಕಿತ್ತರು. ಡಿಸೆಂಬರ್ ಕೊನೆಗೆ ಮಣ್ಣು ಬದಲಿಸಿ ಮೆಂತ್ಯ ಹಾಕಿದರು. ಮೊಳಕೆಯಲ್ಲಿ ಅರ್ಧ ಗುಬ್ಬಿಗಳ ಪಾಲಾಯಿತಂತೆ. ಬಿತ್ತಿದ್ದನ್ನು ಹಕ್ಕಿ ತಿಂದರೂ ಸದಕಾ ಎಂಬ ಹದೀಸ್ ಇದೆಯಲ್ಲ ಎಂದು ನಾನು ನೆನಪಿಸಿದ್ದಕ್ಕೆ, “ಅದಕ್ಕ ಬಲಿ ಹಾಕಿಲ್ಲ ಆಪಾ, ಆದ್ರ ಮುಂದಿನ ಸಲ ಸ್ವಲ್ಪ ಹೆಚ್ಚ ಬಿತ್ತತೀನಿ” ಎಂದರು.

ಹುಡುಗಿ ಈಗ ಹುಕ್ಕೇರಿಯ ಸೊಸೆ, ಎರಡು ಮಕ್ಕಳ ತಾಯಿ. ತವರಿಗೆ ಬಂದಾಗಲೆಲ್ಲ ಪುದೀನದ ಕಡ್ಡಿ ಒಯ್ಯುತ್ತಾಳೆ. ಪುಣೆಯ ಮಗನ ಸಮಾಧಾನಕ್ಕೆ ಗೇಟಿನ ಪಕ್ಕದಲ್ಲಿ ಚಾಪೆಯಷ್ಟು ಹುಲ್ಲನ್ನು ಹಾಗೇ ಬಿಟ್ಟಿದ್ದಾರೆ. ಪಕ್ಕದ ಮನೆಯವರ ಆಡು ದಿನಾ ಸಂಜೆ ಬಂದು ಅದನ್ನು ಮೇಯ್ದು ಹೋಗುತ್ತದೆ.